ಮೂವತ್ತು ವರ್ಷ ಕದಲದ ದಾಖಲೆ ಮೂರೇ ವರ್ಷದಲ್ಲಿ ಮೂವತ್ತು ಸೆಕೆಂಡು ಇಳಿದದ್ದು ಹೇಗೆ?

1992ರಲ್ಲಿ ಬಹಾದೂರ್ ಪ್ರಸಾದ್ ಬರ್ಮಿಂಗ್‌ಹ್ಯಾಮ್‌ನಲ್ಲಿ 5,000 ಮೀಟರನ್ನು 13 ನಿಮಿಷ 29.70 ಸೆಕೆಂಡಿನಲ್ಲಿ ಓಡಿ ರಾಷ್ಟ್ರೀಯ ದಾಖಲೆ ಮಾಡಿದರು. ಅದನ್ನು ಅಲುಗಾಡಿಸಲು ಭಾರತಕ್ಕೆ ಮೂವತ್ತು ವರ್ಷ ಬೇಕಾಯಿತು. 2022ರ ಮೇ ತಿಂಗಳಲ್ಲಿ ಅವಿನಾಶ್ ಸಾಬ್ಳೆ ಅಮೆರಿಕದಲ್ಲಿ 13:25.65ಕ್ಕೆ ಓಡಿದರು. ಅಲ್ಲಿಂದ ಮುಂದೆ ದಾಖಲೆ ಒಂದು ಕಡೆ ನಿಂತೇ ಇಲ್ಲ. 2025ರ ಫೆಬ್ರವರಿಯಲ್ಲಿ ಗುಲ್ವೀರ್ ಸಿಂಗ್ ಬಾಸ್ಟನ್ನಿನ ಒಳಾಂಗಣ ಟ್ರ್ಯಾಕಿನಲ್ಲಿ 12:59.77ಕ್ಕೆ ಗುರಿ ಮುಟ್ಟಿ, 13 ನಿಮಿಷದೊಳಗೆ ಈ ದೂರ ಓಡಿದ ಮೊದಲ ಭಾರತೀಯರಾದರು. ಮರುತಿಂಗಳೇ 10,000 ಮೀಟರನ್ನು 27:00.22ಕ್ಕೆ ಮುಗಿಸಿದರು. ಆ ದೂರದಲ್ಲಿ ಸುರೇಂದ್ರ ಸಿಂಗ್ 2008ರಲ್ಲಿ ಬರೆದಿದ್ದ 28:02.89 ಎಂಬ ಅಂಕಿ 2024ರವರೆಗೂ ಹಾಗೇ ಇತ್ತು.

ದಶಕಗಟ್ಟಲೆ ಮಲಗಿದ್ದ ಅಂಕಿಗಳು ದಿಢೀರನೆ ಎದ್ದು ಓಡತೊಡಗಿದರೆ ಕಾರಣ ಕೇಳುವುದು ಸಹಜ. ಸಿಕ್ಕ ಉತ್ತರಗಳು ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. ಹೊಸ ಶೂಗಳ ಮಹಿಮೆ ಎನ್ನುವವರಿದ್ದಾರೆ. ಅಮೆರಿಕದ ಎತ್ತರದ ಊರಿನ ಗಾಳಿ ಎನ್ನುವವರಿದ್ದಾರೆ. ಜಗತ್ತಿನಾದ್ಯಂತ ಹಬ್ಬಿರುವ ‘ನಾರ್ವೆ ಮಾದರಿ’ಯ ತರಬೇತಿಯತ್ತ ಕೈತೋರುವವರೂ ಇದ್ದಾರೆ. ಇದೇ ಹೊತ್ತಿಗೆ ಬೆಳಗಿನ ಜಾವ ಓಡುವ ಹವ್ಯಾಸಿಗಳ ಮೊಬೈಲಿಗೆ ಎರಡು ಬಗೆಯ ಸಲಹೆ ಬರುತ್ತಿದೆ: ‘ನಿಧಾನವಾಗಿ ಓಡಿ, ವೇಗ ತಾನಾಗಿ ಬರುತ್ತದೆ’, ‘ನಿಧಾನದ ಓಟ ಸಮಯ ದಂಡ, ನಾಲ್ಕು ನಿಮಿಷ ಜೋರಾಗಿ ಓಡಿದರೆ ಸಾಕು’. ಎರಡಕ್ಕೂ ವಿಜ್ಞಾನದ ಮುದ್ರೆ ಇದೆ.

ವೇಗದ ತರಬೇತಿಗೆ ನೂರು ವರ್ಷದ ದಾಖಲಿತ ಇತಿಹಾಸವಿದೆ. ಅದನ್ನು ಒಮ್ಮೆ ತಿರುವಿ ನೋಡಿದರೆ ಈ ಗೊಂದಲದ ಅರ್ಧ ಭಾಗವಾದರೂ ಬಗೆಹರಿಯುತ್ತದೆ.

ಮೊದಲು ಅಂಕಿಗಳನ್ನು ಸರಿಯಾಗಿ ಓದೋಣ

ಬಹಾದೂರ್ ಪ್ರಸಾದ್ ಓಡಿದಾಗ 5,000 ಮೀಟರಿನ ವಿಶ್ವದಾಖಲೆ ಮೊರಾಕ್ಕೋದ ಸೈದ್ ಔವಿಟಾ ಹೆಸರಲ್ಲಿತ್ತು: 12:58.39. ಅಂದರೆ ನಮ್ಮವರು ಜಗತ್ತಿನ ಅತಿವೇಗಿಗಿಂತ 31 ಸೆಕೆಂಡು ಹಿಂದಿದ್ದರು. ಇಂದಿನ ವಿಶ್ವದಾಖಲೆ ಉಗಾಂಡಾದ ಜೋಶುವಾ ಚೆಪ್ಟೆಗೈ 2020ರಲ್ಲಿ ಮೊನಾಕೋದಲ್ಲಿ ಮಾಡಿದ 12:35.36. ಗುಲ್ವೀರ್ ಅದಕ್ಕಿಂತ 24 ಸೆಕೆಂಡು ಹಿಂದಿದ್ದಾರೆ.

ಭಾರತದ ಅಂಕಿ ಇಳಿದದ್ದು ಸುಮಾರು 30 ಸೆಕೆಂಡು. ಅದೇ ಅವಧಿಯಲ್ಲಿ ಜಗತ್ತಿನ ಅಂಕಿ 23 ಸೆಕೆಂಡು ಇಳಿದಿದೆ. ಅಂತರ ಕಡಿಮೆಯಾದದ್ದು ಏಳೇ ಸೆಕೆಂಡು. 12:59.77 ಎಂಬ ಸಮಯ 1987ರ ವಿಶ್ವದಾಖಲೆಗೂ ಕೊಂಚ ಹಿಂದೆಯೇ ನಿಲ್ಲುತ್ತದೆ. ಗುಲ್ವೀರ್ ಸಾಧನೆಯನ್ನು ಕಿರಿದಾಗಿಸಲು ಈ ಲೆಕ್ಕ ಹೇಳುತ್ತಿಲ್ಲ. ಆದರೆ ‘ಮೂರು ವರ್ಷದಲ್ಲಿ ಯಾವುದೋ ಗುಟ್ಟು ಸಿಕ್ಕಿಬಿಟ್ಟಿತು’ ಎಂಬ ಕಥೆಗೆ ಇದು ಕಡಿವಾಣ ಹಾಕುತ್ತದೆ. ನಾವು ಬಹುಪಾಲು ಹಳೆಯ ಬಾಕಿ ತೀರಿಸಿದ್ದೇವೆ. ಹಾಗಾದರೆ ಉಳಿದವರು ಆ 23 ಸೆಕೆಂಡು ಮುಂದೆ ಹೋದದ್ದು ಯಾವ ದಾರಿಯಲ್ಲಿ?

ಮೊದಲು ಗಡಿಯಾರ, ಆಮೇಲೆ ನಾಡಿ

ಫಿನ್ಲೆಂಡಿನ ಪಾವೋ ನುರ್ಮಿ 1920ರಿಂದ 1928ರವರೆಗಿನ ಮೂರು ಒಲಿಂಪಿಕ್ಸ್‌ಗಳಲ್ಲಿ ಒಂಬತ್ತು ಚಿನ್ನ ಗೆದ್ದವರು. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಓಡುವುದು ಅವರ ರೂಢಿ. ಎದುರಾಳಿಯನ್ನು ನೋಡಿ ಓಡುವುದರ ಬದಲು ತಾನು ಲೆಕ್ಕ ಹಾಕಿಕೊಂಡ ವೇಗವನ್ನು ಪ್ರತಿ ಸುತ್ತಿನಲ್ಲೂ ಕಾಯ್ದುಕೊಳ್ಳುವುದು ಅವರ ತಂತ್ರ. ಹೊಸದಾಗಿದ್ದದ್ದು ಅಳತೆ. ಎಷ್ಟು ದೂರ ಓಡಿದೆ ಎನ್ನುವುದರ ಜೊತೆಗೆ ಎಷ್ಟು ವೇಗದಲ್ಲಿ ಓಡಿದೆ ಎನ್ನುವುದೂ ತರಬೇತಿಯ ಭಾಗವಾಯಿತು.

ಮುಂದಿನ ಹೆಜ್ಜೆ ಇಟ್ಟದ್ದು ಜರ್ಮನಿ. ಕೋಚ್ ವೋಲ್ಡೆಮಾರ್ ಗೆರ್ಷ್ಲರ್ ಮತ್ತು ಹೃದಯತಜ್ಞ ಹರ್ಬರ್ಟ್ ರೈಂಡೆಲ್ ಫ್ರೈಬುರ್ಗ್‌ನಲ್ಲಿ ಓಟಗಾರರ ನಾಡಿ ಹಿಡಿದು ತರಬೇತಿಯ ಪ್ರಮಾಣ ಗೊತ್ತುಮಾಡಿದರು. ಚಿಕ್ಕ ದೂರವನ್ನು ಜೋರಾಗಿ ಓಡಿ ನಾಡಿಯನ್ನು ನಿಮಿಷಕ್ಕೆ 180ರ ಆಸುಪಾಸಿಗೆ ಏರಿಸಬೇಕು. ನಿಂತ ಮೇಲೆ ಒಂದೂವರೆ ನಿಮಿಷದೊಳಗೆ ಅದು 120ಕ್ಕೆ ಇಳಿಯಬೇಕು. ಇಳಿದರೆ ಮುಂದಿನ ಓಟ, ಇಳಿಯದಿದ್ದರೆ ಅಂದಿನ ಅಭ್ಯಾಸ ಹೆಚ್ಚಾಯಿತೆಂದು ಅರ್ಥ. ಹೃದಯ ಬಲಗೊಳ್ಳುವುದು ಓಡುವಾಗಲ್ಲ, ನಡುವಿನ ವಿರಾಮದಲ್ಲಿ ಎಂದು ಅವರು ನಂಬಿದ್ದರು. ಇಂಟರ್ವಲ್ ತರಬೇತಿ ಹುಟ್ಟಿದ್ದು ಹೀಗೆ. ಗೆರ್ಷ್ಲರ್ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ ಮಿಲಾನ್‌ನಲ್ಲಿ 800 ಮೀಟರನ್ನು 1:46.6ಕ್ಕೆ ಓಡಿದರು. ಆ ದಾಖಲೆ ಹದಿನಾರು ವರ್ಷ ಉಳಿಯಿತು. ಹಾರ್ಬಿಗ್ ಮಾತ್ರ 1944ರಲ್ಲಿ ಯುದ್ಧಕ್ಕೆ ಬಲಿಯಾದರು.

ಅದೇ ಕಾಲದಲ್ಲಿ ಸ್ವೀಡನ್ನಿನ ಗೋಸ್ಟಾ ಹೋಲ್ಮೆರ್ ಕಾಡುದಾರಿಯಲ್ಲಿ ಮನಸ್ಸಿಗೆ ಬಂದಂತೆ ವೇಗ ಏರಿಸಿ ಇಳಿಸುವ ಫಾರ್ಟ್‌ಲೆಕ್ ಪದ್ಧತಿ ಬೆಳೆಸುತ್ತಿದ್ದರು. ಗಡಿಯಾರವೂ ಇಲ್ಲ, ನಾಡಿ ಲೆಕ್ಕವೂ ಇಲ್ಲ. ಆ ಕಾಲದ ಸ್ವೀಡಿಷ್ ಓಟಗಾರ ಗುಂಡರ್ ಹೆಗ್ 1945ರಲ್ಲಿ ಮೈಲಿಯನ್ನು 4:01.4ಕ್ಕೆ ತಂದು ನಿಲ್ಲಿಸಿದರು. ಎರಡು ವಿರುದ್ಧ ದಾರಿಗಳು, ಎರಡರಲ್ಲೂ ವಿಶ್ವದಾಖಲೆ. ‘ಯಾವುದು ಸರಿ?’ ಎಂಬ ಜಗಳದ ಬೇರು ಇಷ್ಟು ಹಳೆಯದು.

ಕಣ್ಣಿಗೆ ಕಂಡದ್ದನ್ನೇ ನಕಲು ಮಾಡಿದರು

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಚೆಕೊಸ್ಲೊವಾಕಿಯಾದ ಎಮಿಲ್ ಝಾಟೊಪೆಕ್ 5,000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರನ್ನೂ ಗೆದ್ದರು. ಅವರ ದಿನಚರಿ ಕೇಳಿ ಜಗತ್ತು ದಂಗಾಯಿತು: ಒಂದೇ ದಿನ ನಲವತ್ತು ಬಾರಿ 400 ಮೀಟರ್, ಕೆಲವೊಮ್ಮೆ ಅದಕ್ಕೂ ಹೆಚ್ಚು. ನಿಧಾನ ಓಡುವುದು ತನಗೆ ಗೊತ್ತೇ ಇದೆ, ಕಲಿಯಬೇಕಾದದ್ದು ವೇಗವಾಗಿ ಓಡುವುದನ್ನು ಎಂಬರ್ಥದ ಅವರ ಮಾತು ಇಂದಿಗೂ ಕೋಚ್‌ಗಳ ಬಾಯಲ್ಲಿದೆ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ನಲವತ್ತು ಸಲ 400 ಮೀಟರ್ ಎಂದರೆ 16 ಕಿಲೋಮೀಟರ್. ಪ್ರತಿ ಎರಡರ ನಡುವೆ ಅವರು ನಿಲ್ಲುತ್ತಿರಲಿಲ್ಲ, 200 ಮೀಟರ್ ಕುಲುಕು ಓಟ ಇತ್ತು. ಅದನ್ನೂ ಸೇರಿಸಿದರೆ ಸುಮಾರು 24 ಕಿಲೋಮೀಟರ್. ನಲವತ್ತು ಸಲ ಓಡಬೇಕೆಂದರೆ ಪ್ರತಿ ಸುತ್ತೂ ಪೂರಾ ವೇಗದಲ್ಲಿ ಇರಲು ಸಾಧ್ಯವೇ ಇಲ್ಲ; ಅನೇಕ ಸುತ್ತುಗಳು ಸಾಧಾರಣ ವೇಗದವೇ ಆಗಿದ್ದವು. ಅಂದರೆ ‘ವೇಗದ ತರಬೇತಿ’ ಎಂದು ಹೆಸರಾದದ್ದರ ಒಳಗೆ ಅಗಾಧ ಪ್ರಮಾಣದ ದೂರದ ಓಟ ಅಡಗಿತ್ತು. ಝಾಟೊಪೆಕ್ ಹೆಸರಿನಲ್ಲಿ ಜಗತ್ತು ಎತ್ತಿಕೊಂಡದ್ದು 400 ಮೀಟರ್ ಪುನರಾವರ್ತನೆಯನ್ನು. ದೂರವನ್ನೂ ಅದಕ್ಕೆ ದೇಹ ಒಗ್ಗಲು ಹಿಡಿದ ವರ್ಷಗಳನ್ನೂ ಯಾರೂ ಅಷ್ಟಾಗಿ ಎಣಿಸಲಿಲ್ಲ. ಒಗ್ಗರಣೆಯ ಘಮ ನೋಡಿ ಸಾರಿನ ರುಚಿಯೆಲ್ಲ ಅದರಲ್ಲೇ ಇದೆ ಎಂದುಕೊಂಡಂತಾಯಿತು.

ರೋಜರ್ ಬ್ಯಾನಿಸ್ಟರ್ ಕಥೆಯಲ್ಲೂ ಇಂಥದೇ ಒಂದು ಸೂಕ್ಷ್ಮವಿದೆ. ನಾಲ್ಕು ನಿಮಿಷದೊಳಗೆ ಮೈಲಿ ಓಡಲು ಪ್ರತಿ ಸುತ್ತು 60 ಸೆಕೆಂಡಿನೊಳಗೆ ಬರಬೇಕು. ವೈದ್ಯ ವಿದ್ಯಾರ್ಥಿಯಾಗಿದ್ದ ಬ್ಯಾನಿಸ್ಟರ್ ಮಧ್ಯಾಹ್ನದ ಬಿಡುವಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಕೋಚ್ ಫ್ರಾಂಝ್ ಸ್ಟ್ಯಾಂಪ್ಫಲ್ ಸಲಹೆಯಂತೆ ಗೆಳೆಯರಾದ ಬ್ರಾಷರ್, ಚಾಟವೇ ಜೊತೆಗೂಡಿ ಹತ್ತು ಬಾರಿ 440 ಗಜ (ಕಾಲು ಮೈಲಿ, ಅಂದರೆ ಒಂದು ಸುತ್ತು), ನಡುವೆ ಎರಡು ನಿಮಿಷ ವಿರಾಮ. ಚಳಿಗಾಲದಲ್ಲಿ ಸುತ್ತಿಗೆ 66 ಸೆಕೆಂಡಿನಿಂದ ಶುರುಮಾಡಿದವರು 1954ರ ಏಪ್ರಿಲ್ ಹೊತ್ತಿಗೆ 61ಕ್ಕೆ ಬಂದು ಸಿಕ್ಕಿಬಿದ್ದರು. ಎಷ್ಟು ಗುದ್ದಾಡಿದರೂ ಒಂದು ಸೆಕೆಂಡು ಇಳಿಯಲಿಲ್ಲ. ಆಗ ಓಟ ಬಿಟ್ಟು ಸ್ಕಾಟ್ಲೆಂಡಿಗೆ ಹೋಗಿ ಕೆಲವು ದಿನ ಬಂಡೆ ಹತ್ತಿದರು. ವಾಪಸು ಬಂದು ಓಡಿದರೆ 59 ಸೆಕೆಂಡು! ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ 3:59.4 ದಾಖಲಾಯಿತು. ಬೆಟ್ಟದ ಗಾಳಿಯಲ್ಲಿ ಮಂತ್ರವಿರಲಿಲ್ಲ. ತಿಂಗಳುಗಟ್ಟಲೆ ಹೊರಿಸಿದ ಭಾರಕ್ಕೆ ದೇಹ ಹೊಂದಿಕೊಳ್ಳಲು ಬಿಡುವು ಸಿಕ್ಕಿತ್ತು, ಅಷ್ಟೆ. ನಕಲು ಮಾಡಿದವರು ಹತ್ತು ಸಲ 440 ಗಜವನ್ನು ಬರೆದುಕೊಂಡರು, ಆ ಬಿಡುವನ್ನು ಬರೆದುಕೊಳ್ಳಲಿಲ್ಲ.

ಆಕ್ಲೆಂಡಿನ ಶೂ ಕಾರ್ಖಾನೆಯಿಂದ ಬಂದ ಉತ್ತರ

1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸ್‌ನಲ್ಲಿ ನ್ಯೂಜಿಲೆಂಡಿನ ಪೀಟರ್ ಸ್ನೆಲ್ 800 ಮೀಟರ್ ಚಿನ್ನ ಗೆದ್ದರು. ಅದೇ ದಿನ ಮರ್ರಿ ಹಾಲ್ಬರ್ಗ್ 5,000 ಮೀಟರ್ ಚಿನ್ನ ಗೆದ್ದರು. ಕೆಲ ದಿನಗಳ ನಂತರ ಬ್ಯಾರಿ ಮಗೀ ಮ್ಯಾರಥಾನ್‌ನಲ್ಲಿ ಕಂಚು ತಂದರು. ಎರಡು ನಿಮಿಷದೊಳಗಿನ ಓಟದಿಂದ ಎರಡು ಗಂಟೆಗೂ ಮಿಕ್ಕಿದ ಓಟದವರೆಗೆ ಮೂರು ಪದಕ, ಮೂವರಿಗೂ ಕೋಚ್ ಒಬ್ಬರೇ: ಆಕ್ಲೆಂಡಿನಲ್ಲಿ ಶೂ ಕಾರ್ಖಾನೆಯ ಕೆಲಸ ಮಾಡಿಕೊಂಡಿದ್ದ ಆರ್ಥರ್ ಲಿಡಿಯಾರ್ಡ್.

ಲಿಡಿಯಾರ್ಡ್ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು ಒಂದು ತೀರ್ಮಾನಕ್ಕೆ ಬಂದಿದ್ದರು. ವೇಗದ ಅಭ್ಯಾಸದಿಂದ ಫಲ ಬೇಗ ಸಿಗುತ್ತದೆ, ಬೇಗ ಮುಗಿದೂ ಹೋಗುತ್ತದೆ. ಅದನ್ನು ತಡೆದುಕೊಳ್ಳುವ ದೇಹವನ್ನು ಮೊದಲು ಕಟ್ಟಬೇಕು. 800 ಮೀಟರ್ ಓಟಗಾರನನ್ನೂ ಅವರು ವಾರಕ್ಕೆ 160 ಕಿಲೋಮೀಟರ್ ಓಡಿಸಿದರು. ಭಾನುವಾರ ವೈಟಾರುವ ಗುಡ್ಡಗಳ 22 ಮೈಲಿಯ ಸುತ್ತು. ತಿಂಗಳುಗಟ್ಟಲೆ ಇದಾದ ಮೇಲೆ ಗುಡ್ಡ ಹತ್ತುವ ಅಭ್ಯಾಸ, ಅದರ ಮೇಲೆ ಟ್ರ್ಯಾಕಿನ ವೇಗ, ಕೊನೆಗೆ ಸ್ಪರ್ಧೆ. ನುರ್ಮಿ ಗಡಿಯಾರದಿಂದ, ಗೆರ್ಷ್ಲರ್ ನಾಡಿಯಿಂದ ಅಳೆದರೆ ಲಿಡಿಯಾರ್ಡ್ ಕ್ಯಾಲೆಂಡರಿನಿಂದ ಅಳೆದರು. ಯಾವ ತಿಂಗಳು ಏನು ಎನ್ನುವುದೇ ಅವರ ಪದ್ಧತಿಯ ಜೀವ.

ಎರಡು ನಿಮಿಷ ಓಡುವವನಿಗೆ 22 ಮೈಲಿ ಏಕೆ? ಇದಕ್ಕೆ ವಿವರಣೆ ಕೊಟ್ಟವರು ಸ್ವತಃ ಸ್ನೆಲ್. ನಿವೃತ್ತಿಯ ನಂತರ ಅವರು ಅಮೆರಿಕದಲ್ಲಿ ವ್ಯಾಯಾಮ ಶರೀರಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿ ಡಲ್ಲಾಸ್‌ನಲ್ಲಿ ಸಂಶೋಧಕರಾದರು. ದೀರ್ಘ ಓಟದಲ್ಲಿ ನಿಧಾನ ಸ್ನಾಯುತಂತುಗಳ ಇಂಧನ ಬರಿದಾಗುತ್ತಾ ಬಂದಂತೆ ದೇಹ ವೇಗದ ತಂತುಗಳನ್ನು ಕೆಲಸಕ್ಕೆ ಕರೆಯುತ್ತದೆ. ಸಾಮಾನ್ಯವಾಗಿ ಸುಮ್ಮನಿರುವ ಆ ತಂತುಗಳಿಗೂ ಹಾಗೆ ಆಮ್ಲಜನಕ ಬಳಸುವ ಪಾಠವಾಗುತ್ತದೆ ಎನ್ನುವುದು ಅವರ ವಾದ.

ಲಿಡಿಯಾರ್ಡ್ ಅನುಯಾಯಿಗಳೂ ಅರ್ಧವನ್ನೇ ಎತ್ತಿಕೊಂಡರು. ‘ಉದ್ದ ಮತ್ತು ನಿಧಾನ’ ಎಂಬುದಷ್ಟೇ ಉಳಿಯಿತು. ಅವರ ಶಿಷ್ಯರ ದೂರದ ಓಟಗಳು ಅಷ್ಟೇನೂ ನಿಧಾನವಾಗಿರಲಿಲ್ಲ. ಗುಡ್ಡದ ಹಂತವನ್ನಂತೂ ಬಹಳ ಮಂದಿ ಬಿಟ್ಟೇಬಿಟ್ಟರು.

ಕಿವಿಯ ತುದಿಯ ಒಂದು ಹನಿ ರಕ್ತ

ಈಗಿನ ನಾರ್ವೆ ಮಾದರಿಯನ್ನು ಈ ಸಾಲಿನಲ್ಲಿಟ್ಟು ನೋಡಬೇಕು. 5,000 ಮೀಟರನ್ನು 13:06.39ಕ್ಕೆ ಓಡಿದ್ದ ನಾರ್ವೆಯ ಮರಿಯುಸ್ ಬಾಕೆನ್ ತಮ್ಮ ರಕ್ತವನ್ನು ಸಾವಿರಾರು ಬಾರಿ ಪರೀಕ್ಷಿಸಿಕೊಂಡು ಈ ಕ್ರಮ ರೂಪಿಸಿದರು. ಇಂಗೆಬ್ರಿಗ್ಟ್‌ಸನ್ ಕುಟುಂಬ ಅದನ್ನು ಬೆಳೆಸಿತು. ಯಾಕೋಬ್ ಇಂಗೆಬ್ರಿಗ್ಟ್‌ಸನ್ 2021ರಲ್ಲಿ ಟೋಕಿಯೊದಲ್ಲಿ 1,500 ಮೀಟರ್, 2024ರಲ್ಲಿ ಪ್ಯಾರಿಸ್‌ನಲ್ಲಿ 5,000 ಮೀಟರ್ ಒಲಿಂಪಿಕ್ ಚಿನ್ನ ಗೆದ್ದ ಮೇಲೆ ಎಲ್ಲರ ಕಣ್ಣೂ ಅತ್ತ ತಿರುಗಿತು.

ತತ್ವ ಸರಳ. ವೇಗ ಹೆಚ್ಚಿದಂತೆ, ಸ್ನಾಯುಗಳು ದುಡಿಯುವಾಗ ಹುಟ್ಟುವ ಲ್ಯಾಕ್ಟೇಟ್ ಎಂಬ ವಸ್ತು ರಕ್ತದಲ್ಲಿ ಹೆಚ್ಚುತ್ತದೆ. ಒಂದು ಮಟ್ಟದವರೆಗೆ ದೇಹ ಅದನ್ನು ಇಂಧನವಾಗಿ ಬಳಸಿ ಸರಿದೂಗಿಸುತ್ತದೆ. ಆ ಹೊಸ್ತಿಲು ದಾಟಿದರೆ ಅದು ರಾಶಿಯಾಗುತ್ತದೆ, ದಣಿವು ಏರುತ್ತದೆ, ಮರುದಿನದ ಅಭ್ಯಾಸ ಕೆಡುತ್ತದೆ. ಹೊಸ್ತಿಲಿನ ಸ್ವಲ್ಪ ಕೆಳಗೇ ಉಳಿದರೆ? ಸಾಕಷ್ಟು ವೇಗದಲ್ಲೂ ಬಹಳ ಹೊತ್ತು ಓಡಬಹುದು, ಬೇಗ ಚೇತರಿಸಿಕೊಳ್ಳಬಹುದು. ಹಾಗಾಗಿ ಬೆಳಿಗ್ಗೆ ಆರು ನಿಮಿಷದ ಐದು ಓಟ, ಸಂಜೆ 1,000 ಮೀಟರಿನ ಹತ್ತು ಓಟ ಅಥವಾ 400 ಮೀಟರಿನ ಇಪ್ಪತ್ತಕ್ಕೂ ಹೆಚ್ಚು ಓಟ, ನಡುವೆ ಚಿಕ್ಕ ವಿರಾಮ. ವಾರಕ್ಕೆ ಇಂಥ ಎರಡು ದಿನ. ವಿರಾಮದಲ್ಲಿ ಕೋಚ್ ಕಿವಿಯ ತುದಿಯಿಂದಲೋ ಬೆರಳಿನಿಂದಲೋ ಒಂದು ಹನಿ ರಕ್ತ ತೆಗೆದು ಲ್ಯಾಕ್ಟೇಟ್ ಅಳೆಯುವ ಪಟ್ಟಿಗೆ ತಾಗಿಸುತ್ತಾನೆ. ಅಂಕಿ ಮೀರಿದ್ದರೆ ಹೇಳುವುದು ಒಂದೇ ಮಾತು: ನಿಧಾನ ಮಾಡು.

ಟ್ರ್ಯಾಕಿನ ಇತಿಹಾಸದಲ್ಲಿ ಉಪಕರಣಗಳು ಸಾಮಾನ್ಯವಾಗಿ ಓಟಗಾರನನ್ನು ‘ಇನ್ನೂ ಜೋರು’ ಎಂದು ಅಟ್ಟಲು ಬಂದವು. ಇಲ್ಲಿ ಉಪಕರಣ ತಡೆಯಲು ಬಳಕೆಯಾಗುತ್ತಿದೆ. ನನಗೆ ಕಾಣುವ ದೊಡ್ಡ ಪಾಠ ಇದು: ಪ್ರತಿ ಹಂತದಲ್ಲೂ ಮುನ್ನಡೆ ಬಂದದ್ದು ಹೊಸ ಅಭ್ಯಾಸಕ್ರಮದಿಂದ ಎನ್ನುವುದಕ್ಕಿಂತ, ಶ್ರಮವನ್ನು ಅಳೆದು ಪ್ರಮಾಣ ಗೊತ್ತುಮಾಡುವ ಹೊಸ ವಿಧಾನದಿಂದ. ಪ್ರತಿ ಸಲವೂ ಜಗತ್ತು ಅಳತೆಯನ್ನು ಬಿಟ್ಟು ಅಭ್ಯಾಸಕ್ರಮವನ್ನು ನಕಲು ಮಾಡಿದೆ. ಗೆರ್ಷ್ಲರ್ ಹೇಳಿದ್ದು ‘ನಾಡಿ ಇಳಿಯದಿದ್ದರೆ ನಿಲ್ಲಿಸು’ ಎಂದು. ಅವರ ಹೆಸರಿನಲ್ಲಿ ನಡೆದದ್ದು ನಿಲ್ಲಿಸದ ಓಟ. ಈಗ ರಕ್ತ ನೋಡದೆ ದಿನಕ್ಕೆ ಎರಡು ಸಲ ಏದುಸಿರು ಬಿಡುವವರೂ ‘ನಾವು ನಾರ್ವೆ ಮಾದರಿ’ ಎನ್ನುತ್ತಿದ್ದಾರೆ.

ನಾರ್ವೆಯವರದೇ ಕೊನೆಯ ಮಾತು ಎಂದೇನೂ ಅಲ್ಲ. 1,500 ಮೀಟರಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಯಾಕೋಬ್ 2022ರಲ್ಲಿ ಜೇಕ್ ವೈಟ್‌ಮನ್‌ಗೆ, 2023ರಲ್ಲಿ ಜೋಶ್ ಕೆರ್‌ಗೆ ಸೋತರು. ಪ್ಯಾರಿಸ್ ಒಲಿಂಪಿಕ್ಸ್‌ನ 1,500 ಮೀಟರ್ ಫೈನಲ್‌ನಲ್ಲಿ ಮೊದಲ ಸುತ್ತನ್ನೇ 55 ಸೆಕೆಂಡಿನೊಳಗೆ ಎಳೆದು, ಕೊನೆಯಲ್ಲಿ ನಾಲ್ಕನೆಯವರಾದರು. ಕೋಲ್ ಹಾಕರ್ 3:27.65ಕ್ಕೆ ಗೆದ್ದರು. ಹೊಸ್ತಿಲಿನ ಕೆಳಗಿನ ಅಭ್ಯಾಸ ಎಷ್ಟೇ ಇದ್ದರೂ ಕೊನೆಯ 200 ಮೀಟರಿಗೆ ಬೇಕಾದ ಕಚ್ಚಾ ವೇಗ ಬೇರೆಯೇ ಸರಕು ಎಂದು ಎದುರು ಪಾಳಯ ವಾದಿಸುವುದು ಇದನ್ನೇ ಹಿಡಿದು.

ತರಬೇತಿಯಿಂದ ಬಾರದ ವೇಗ

ದಾಖಲೆಯ ಶ್ರೇಯವನ್ನೆಲ್ಲ ತರಬೇತಿಗೆ ಕೊಡುವುದರಲ್ಲೇ ಒಂದು ತಪ್ಪು ಲೆಕ್ಕವಿದೆ. ನುರ್ಮಿ, ಝಾಟೊಪೆಕ್, ಬ್ಯಾನಿಸ್ಟರ್ ಓಡಿದ್ದು ಬೂದಿ ಹಾಸಿದ ಟ್ರ್ಯಾಕಿನ ಮೇಲೆ. ಒಲಿಂಪಿಕ್ಸ್‌ಗೆ ಸಿಂಥೆಟಿಕ್ ಟ್ರ್ಯಾಕ್ ಬಂದದ್ದು 1968ರ ಮೆಕ್ಸಿಕೊದಲ್ಲಿ. 2017ರಲ್ಲಿ ಬಂದ ಕಾರ್ಬನ್ ಪಟ್ಟಿ, ಪುಟಿಯುವ ಫೋಮಿನ ಶೂಗಳು ಓಟದ ಶಕ್ತಿವ್ಯಯವನ್ನು ಸರಾಸರಿ ಶೇ 4ರಷ್ಟು ಉಳಿಸುತ್ತವೆ ಎಂದು ಪ್ರಯೋಗಾಲಯದ ಅಧ್ಯಯನ ತೋರಿಸಿತು. ಆಮೇಲೆ ವರ್ಲ್ಡ್ ಅಥ್ಲೆಟಿಕ್ಸ್ ಸಂಸ್ಥೆ ಅಟ್ಟೆಯ ದಪ್ಪಕ್ಕೆ ಮಿತಿ ಹಾಕಿತು: ರಸ್ತೆಯಲ್ಲಿ 40 ಮಿಲಿಮೀಟರ್, ಟ್ರ್ಯಾಕಿನಲ್ಲಿ ಈಗ 20.

ಕೆನ್ಯಾದ ಫೇಯ್ತ್ ಕಿಪ್ಯೆಗನ್ 2025ರ ಜೂನ್ 26ರಂದು ಪ್ಯಾರಿಸ್‌ನಲ್ಲಿ ನಾಲ್ಕು ನಿಮಿಷದೊಳಗೆ ಮೈಲಿ ಓಡಲು ಯತ್ನಿಸಿದಾಗ ಬಹಳ ಓದುಗರಿಗೆ ಗೊಂದಲವಾಗಿತ್ತು. ಅವರು ಓಡಿದ್ದು 4:07ರೊಳಗೆ. ಅವರದೇ ವಿಶ್ವದಾಖಲೆ 4:07.64. ಹಾಗಿದ್ದೂ ಅದು ದಾಖಲೆ ಆಗಲಿಲ್ಲ. ಗಾಳಿ ತಡೆಯಲು ಸುತ್ತ ಪುರುಷ ಪೇಸರ್‌ಗಳನ್ನು (ಜೊತೆಗೆ ಓಡಿ ವೇಗ ಕಾಯ್ದುಕೊಡುವವರನ್ನು) ನಿಲ್ಲಿಸಿಕೊಂಡ ಪ್ರದರ್ಶನ ಓಟ ನಿಯಮದೊಳಗೆ ಬರುವುದಿಲ್ಲ. ಇದರ ಸ್ವಾರಸ್ಯ ಬೇರೆ. ವಿಶೇಷ ಉಡುಪು, ವಿಶೇಷ ಸ್ಪೈಕ್ಸ್, ಗಾಳಿಗೋಡೆ ಎಲ್ಲವೂ ಸೇರಿ ಅವರ ದಾಖಲೆಯ ಮೇಲೆ ಕೊಟ್ಟದ್ದು ಸುಮಾರು ಒಂದು ಸೆಕೆಂಡು. ಒಂಬತ್ತು ದಿನಗಳ ನಂತರ ಯೂಜೀನ್‌ನಲ್ಲಿ, ನಿಯಮಬದ್ಧ ಸ್ಪರ್ಧೆಯಲ್ಲಿ, ಅವರು 1,500 ಮೀಟರಿನ ವಿಶ್ವದಾಖಲೆಯನ್ನು 3:48.68ಕ್ಕೆ ಇಳಿಸಿದರು.

ಮದ್ದಿನ ವಿಷಯವನ್ನು ಬಿಟ್ಟು ಈ ಇತಿಹಾಸ ಪೂರ್ತಿಯಾಗದು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 100 ಮೀಟರನ್ನು 9.79ಕ್ಕೆ ಓಡಿ ಸಿಕ್ಕಿಬಿದ್ದ ಬೆನ್ ಜಾನ್ಸನ್ ಅವರ ಕೋಚ್ ಚಾರ್ಲಿ ಫ್ರಾನ್ಸಿಸ್ ಮರುವರ್ಷ ವಿಚಾರಣಾ ಆಯೋಗದ ಮುಂದೆ ಎಲ್ಲವನ್ನೂ ಒಪ್ಪಿಕೊಂಡರು. ಪೂರಾ ವೇಗದ ಓಟ, ಪೂರಾ ವಿಶ್ರಾಂತಿ, ನಡುವಿನ ವೇಗವೇ ಬೇಡ ಎಂಬ ಅವರ ಕ್ರಮವನ್ನು ಇಂದಿಗೂ ಅನೇಕ ಸ್ಪ್ರಿಂಟ್ ಕೋಚ್‌ಗಳು ಮೆಚ್ಚುತ್ತಾರೆ. ಅದರಲ್ಲಿ ಕ್ರಮದ ಪಾಲೆಷ್ಟು, ಸ್ಟೆರಾಯ್ಡ್ ಪಾಲೆಷ್ಟು ಎಂದು ಬಿಡಿಸಿ ಹೇಳಲು ದಾರಿಯಿಲ್ಲ. ನಮ್ಮಲ್ಲೂ 2010ರ ಕಾಮನ್‌ವೆಲ್ತ್ ಮತ್ತು ಏಷ್ಯನ್ ಕ್ರೀಡಾಕೂಟದ ಮಹಿಳಾ ರಿಲೇ ಚಿನ್ನದ ಸಂಭ್ರಮ 2011ರ ಪರೀಕ್ಷಾ ವರದಿಗಳಿಂದ ಮಸುಕಾಯಿತು, ವಿದೇಶಿ ಕೋಚ್ ಮನೆಗೆ ಹೋದರು. ಅದಕ್ಕೂ ಮುಂಚೆ ‘ಉಕ್ರೇನ್ ಪದ್ಧತಿ’ಯನ್ನು ಹೊಗಳಿದವರು ಕಡಿಮೆ ಇರಲಿಲ್ಲ.

ಹಾಗಾದರೆ ಭಾರತದಲ್ಲಿ ಆದದ್ದೇನು?

ಸಾಬ್ಳೆ, ಗುಲ್ವೀರ್ ಇಬ್ಬರೂ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಕೋಚ್ ಸ್ಕಾಟ್ ಸಿಮನ್ಸ್ ಬಳಿ ಪಳಗಿದವರು. ಊರು ಸಮುದ್ರಮಟ್ಟದಿಂದ 1,800 ಮೀಟರ್ ಎತ್ತರದಲ್ಲಿದೆ. ತೆಳು ಗಾಳಿಯಲ್ಲಿ ವಾರಗಟ್ಟಲೆ ಇದ್ದರೆ ಕೆಂಪು ರಕ್ತಕಣ ಹೆಚ್ಚುತ್ತದೆ, ಆಮ್ಲಜನಕ ಸಾಗಣೆ ಸುಧಾರಿಸುತ್ತದೆ. ಆದರೆ ಇದೇ ಕಾರಣ ಎಂದರೆ ಒಂದು ಪ್ರಶ್ನೆ ಏಳುತ್ತದೆ: ಊಟಿ ಅದಕ್ಕಿಂತ ಎತ್ತರದಲ್ಲಿದೆ, ನಮ್ಮ ಶಿಬಿರಗಳು ಅಲ್ಲಿ ಬಹಳ ಹಿಂದಿನಿಂದ ನಡೆದಿವೆ. ವಿದೇಶಿ ಕೋಚ್ ಎನ್ನೋಣವೆಂದರೆ ಬೆಲಾರೂಸ್‌ನ ನಿಕೊಲಾಯ್ ಸ್ನೆಸಾರೆವ್ ಊಟಿ, ಬೆಂಗಳೂರುಗಳಲ್ಲಿ ವರ್ಷಗಟ್ಟಲೆ ದುಡಿದವರು. ಅವರ ಶಿಷ್ಯೆಯರಾದ ಪ್ರೀಜಾ ಶ್ರೀಧರನ್, ಕವಿತಾ ರಾವತ್ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 10,000 ಮೀಟರಿನ ಚಿನ್ನ, ಬೆಳ್ಳಿ ಎರಡನ್ನೂ ತಂದಿದ್ದರು. ಎತ್ತರವೂ ಹೊಸದಲ್ಲ, ವಿದೇಶಿ ಕೋಚೂ ಹೊಸಬರಲ್ಲ.

ಹೊಸದು ಎರಡು. ಒಂದು ಶೂ, ಅದು ಎಲ್ಲ ದೇಶದವರಿಗೂ ಸಮಾನವಾಗಿ ಸಿಕ್ಕಿದೆ. ಇನ್ನೊಂದು ಸ್ಪರ್ಧೆ. 13:29.70 ಎಂದರೆ 400 ಮೀಟರಿನ ಸುತ್ತಿಗೆ 64.8 ಸೆಕೆಂಡು, 12:59.77 ಎಂದರೆ 62.4 ಸೆಕೆಂಡು. ಈ ವೇಗವನ್ನು ಹನ್ನೆರಡೂವರೆ ಸುತ್ತು ಕಾಯ್ದುಕೊಳ್ಳಬೇಕಾದರೆ ಮುಂದೆ ಪೇಸರ್ ಬೇಕು, ಅಕ್ಕಪಕ್ಕ ಅದೇ ವೇಗದ ಹತ್ತಾರು ಮಂದಿ ಬೇಕು, ತಂಪು ಸಂಜೆ ಬೇಕು. ದೇಶದೊಳಗಿನ ಕೂಟಗಳಲ್ಲಿ ಗುಲ್ವೀರ್ ಮಟ್ಟದವರು ಎರಡನೇ ಸುತ್ತಿನಿಂದಲೇ ಒಂಟಿ. ಸಾಬ್ಳೆ 2022ರಲ್ಲಿ 5,000 ಮೀಟರ್ ದಾಖಲೆ ಮುರಿದದ್ದೂ ಗುಲ್ವೀರ್ 27:00.22 ಓಡಿದ್ದೂ ಕ್ಯಾಲಿಫೋರ್ನಿಯಾದ ಸ್ಯಾನ್ ಹುವಾನ್ ಕ್ಯಾಪಿಸ್ಟ್ರಾನೊ ಎಂಬ ಒಂದೇ ಊರಿನಲ್ಲಿ, ವೇಗದ ಸಮಯಕ್ಕೆಂದೇ ಏರ್ಪಡಿಸುವ ಕೂಟಗಳಲ್ಲಿ. ಇಳಿದ ಮೂವತ್ತು ಸೆಕೆಂಡಿನಲ್ಲಿ ಸ್ಪರ್ಧೆಯ ಪಾಲು ತರಬೇತಿಯ ಪಾಲಿಗಿಂತ ಕಡಿಮೆ ಇರಲಾರದು ಎಂಬುದು ನನ್ನ ಅಂದಾಜು. ಅಂದಾಜು ಸರಿಯಾದರೆ ಒಂದು ಪರಿಣಾಮ ಖಚಿತ: ವೀಸಾ, ಟಿಕೆಟ್ಟು, ಪ್ರಾಯೋಜಕರು ಸಿಗುವ ನಾಲ್ಕೈದು ಮಂದಿಯ ಸಮಯ ಇಳಿಯುತ್ತಾ ಹೋಗುತ್ತದೆ, ಉಳಿದವರು ಇದ್ದಲ್ಲೇ ಇರುತ್ತಾರೆ.

‘ಝೋನ್ ಟೂ’ ಜಗಳ

ಹವ್ಯಾಸಿಗಳ ಗೊಂದಲಕ್ಕೆ ಬರೋಣ. ನಾರ್ವೆಯಲ್ಲಿ ನೆಲೆಸಿರುವ ಅಮೆರಿಕನ್ ವಿಜ್ಞಾನಿ ಸ್ಟೀಫನ್ ಸೈಲರ್ ಅಗ್ರಗಣ್ಯ ಕ್ರೀಡಾಪಟುಗಳ ದಿನಚರಿ ಪರಿಶೀಲಿಸಿ, ಅವರ ಅಭ್ಯಾಸದ ಸುಮಾರು ಶೇ 80 ಭಾಗ ನಿಧಾನದ್ದೇ ಎಂದು ತೋರಿಸಿದರು. ಇದು ‘ಎಲ್ಲರೂ ಝೋನ್ ಟೂನಲ್ಲೇ ಓಡಿ’ ಎಂಬ ಉಪದೇಶವಾಗಿ ಹರಡಿತು; ಝೋನ್ ಟೂ ಎಂದರೆ ಹೃದಯ ಬಡಿತದ ಐದು ಮಟ್ಟಗಳಲ್ಲಿ ಎರಡನೆಯದು, ಆರಾಮದ ವೇಗ. ಇನ್ನೊಂದು ಕಡೆ ಜಪಾನಿನ ಇಝುಮಿ ತಬಾಟಾ 1996ರಲ್ಲಿ ಪ್ರಕಟಿಸಿದ ಪ್ರಯೋಗ ‘ನಾಲ್ಕು ನಿಮಿಷ ಸಾಕು’ ಎಂಬ ಘೋಷಣೆಯಾಯಿತು. 2025ರಲ್ಲಂತೂ ಕೆನಡಾದ ಸಂಶೋಧಕರ ವಿಮರ್ಶೆಯೊಂದು, ಸಮಯ ಕಡಿಮೆ ಇರುವ ಸಾಮಾನ್ಯರಿಗೆ ಝೋನ್ ಟೂ ಶ್ರೇಷ್ಠ ಎನ್ನಲು ಆಧಾರ ಸಾಲದು ಎಂದು ಬರೆಯಿತು.

ಮೂರೂ ಏಕಕಾಲಕ್ಕೆ ನಿಜವಾಗಿರಬಹುದು. ವಾರಕ್ಕೆ 160 ಕಿಲೋಮೀಟರ್ ಓಡುವವನ ಶೇ 20 ಎಂದರೆ 32 ಕಿಲೋಮೀಟರ್ ವೇಗದ ಓಟ. ಉಳಿದದ್ದನ್ನು ನಿಧಾನ ಓಡದಿದ್ದರೆ ಅವನ ಕಾಲು ಉಳಿಯದು. ಬೆಂಗಳೂರಿನ ಟೆನ್‌ಕೆಗೆ (ಹತ್ತು ಕಿಲೋಮೀಟರ್ ಓಟಕ್ಕೆ) ತಯಾರಾಗುತ್ತಾ ವಾರಕ್ಕೆ 30 ಕಿಲೋಮೀಟರ್ ಓಡುವವರ ಶೇ 20 ಬರೀ ಆರು ಕಿಲೋಮೀಟರ್. ಅವರಿಗೆ ಅನುಪಾತಕ್ಕಿಂತ ಒಟ್ಟು ಪ್ರಮಾಣವೇ ಮುಖ್ಯ. ವಾರಕ್ಕೆ ಮೂರೇ ದಿನ ಓಡುವವರು ಒಂದು ದಿನ ಗಟ್ಟಿಯಾಗಿ ಓಡಿದರೆ ಚೇತರಿಕೆಗೆ ಎರಡು ದಿನ ಹೇಗೂ ಇದೆ. ತಬಾಟಾ ಪ್ರಯೋಗದಲ್ಲಿ ಪಾಲ್ಗೊಂಡವರು ದೇಹ ಪಳಗಿದ್ದ ಯುವಕರು. 20 ಸೆಕೆಂಡು ಸೈಕಲ್ ತುಳಿತ, 10 ಸೆಕೆಂಡು ವಿರಾಮ, ಏಳೆಂಟು ಸುತ್ತಿಗೆ ಕಾಲು ಸೋತು ನಿಲ್ಲುವಷ್ಟು ಕಠಿಣ. ನಲವತ್ತೈದು ದಾಟಿದವರು ಮೊಬೈಲ್ ಆ್ಯಪ್ ನೋಡಿಕೊಂಡು ಮಾಡುವ ನಾಲ್ಕು ನಿಮಿಷದ ಜಿಗಿತಕ್ಕೂ ಅದಕ್ಕೂ ಸಂಬಂಧ ಹೆಸರಿನದು ಮಾತ್ರ.

ಕೈಗಡಿಯಾರ ತೋರಿಸುವ ಝೋನ್ ಕೂಡ ನಂಬಿಕೆಗೆ ಅಷ್ಟೊಂದು ಅರ್ಹವಲ್ಲ. 220ರಿಂದ ವಯಸ್ಸು ಕಳೆಯುವ ಸೂತ್ರ ಒಬ್ಬೊಬ್ಬರಲ್ಲಿ ಹತ್ತು ಬಡಿತ ಆಚೀಚೆ ಆಗುವುದು ಸಾಮಾನ್ಯ. ಒಂದು ಝೋನ್ ತಪ್ಪಿಸಲು ಅಷ್ಟು ಸಾಕು. ಪೂರ್ತಿ ವಾಕ್ಯದಲ್ಲಿ ಮಾತನಾಡಿಕೊಂಡು ಓಡಲು ಆಗುತ್ತಿದೆಯೇ ಎನ್ನುವ ಹಳೆಯ ಪರೀಕ್ಷೆ ಇದಕ್ಕಿಂತ ಮೇಲು.

ನಿಜವಾದ ಬಿಕ್ಕಟ್ಟು ಕಿರಿಯರದು

ಈ ಚರ್ಚೆಯ ಬಿಸಿ ಹೆಚ್ಚು ತಾಗುವುದು ಶಾಲಾ ಮೈದಾನಕ್ಕೆ. ಹದಿನಾಲ್ಕು ಹದಿನೈದರ ಹುಡುಗನಿಗೆ ಇಂಟರ್ವಲ್ ಕೊಟ್ಟರೆ ಎರಡು ತಿಂಗಳಲ್ಲಿ ಸಮಯ ಇಳಿಯುತ್ತದೆ, ಜಿಲ್ಲಾ ಕೂಟದಲ್ಲಿ ಪದಕ ಬರುತ್ತದೆ. ದೂರದ ಓಟದಿಂದ ಅಡಿಪಾಯ ಕಟ್ಟಲು ಹೊರಟರೆ ನಾಲ್ಕೈದು ವರ್ಷ ಬೇಕು, ಅಷ್ಟರಲ್ಲಿ ಆ ಹುಡುಗ ಇನ್ನೊಂದು ಊರಿನ ಕ್ರೀಡಾ ಹಾಸ್ಟೆಲಿನಲ್ಲಿರುತ್ತಾನೆ. ಪದಕ ತೋರಿಸಿದರೆ ಹಾಸ್ಟೆಲ್ ಸೀಟು, ಪದಕ ತೋರಿಸಿದರೆ ಸಿಇಟಿಯಲ್ಲಿ ಕ್ರೀಡಾ ಕೋಟಾ. ಮುಂದೆ ಎಂದೋ ಆಗಬಹುದಾದ ಓಟಗಾರನಿಗಾಗಿ ಕಾಯುವ ಕೋಚ್‌ಗೆ ಯಾವ ದಾಖಲೆಯಲ್ಲೂ ಅಂಕವಿಲ್ಲ. ಹಾಗಾಗಿ ಎರಡರಲ್ಲಿ ಯಾವುದು ಆಯ್ಕೆಯಾಗುತ್ತದೆ ಎಂಬುದಕ್ಕೂ ಶರೀರಶಾಸ್ತ್ರಕ್ಕೂ ಸಂಬಂಧವೇ ಇರುವುದಿಲ್ಲ.

ಯಾಕೋಬ್ ಇಂಗೆಬ್ರಿಗ್ಟ್‌ಸನ್ ಹದಿನಾರರಲ್ಲೇ ನಾಲ್ಕು ನಿಮಿಷದೊಳಗೆ ಮೈಲಿ ಓಡಿದ್ದ, ಹದಿನೇಳರಲ್ಲಿ ಯುರೋಪಿನ ಎರಡು ಚಿನ್ನ ಗೆದ್ದಿದ್ದ ಎಂದು ವಾದಿಸುವವರು ಸಿಗುತ್ತಾರೆ. ನಿಜ. ಆದರೆ ಆ ಹುಡುಗ ಇಬ್ಬರು ಅಣ್ಣಂದಿರ ಜೊತೆ, ಒಂದೇ ಮನೆಯ ಕಣ್ಗಾವಲಿನಲ್ಲಿ, ವರ್ಷಗಳಿಂದ ಅಳೆದು ತೂಗಿದ ಅಭ್ಯಾಸದಲ್ಲಿ ಬೆಳೆದವನು. ಅಂಥದೇ ಭಾರ ಹೊತ್ತು ಹದಿನೆಂಟಕ್ಕೆ ಮೊಣಕಾಲು, ಸೊಂಟ ಹಿಡಿದುಕೊಂಡು ಓಟ ಬಿಟ್ಟವರ ಪಟ್ಟಿಯನ್ನು ಸಾಮಾನ್ಯವಾಗಿ ಯಾರೂ ಇಡುವುದಿಲ್ಲ. ಕರ್ನಾಟಕದ ಕ್ರೀಡಾ ಹಾಸ್ಟೆಲುಗಳಲ್ಲಿ ಅದನ್ನು ಶುರುಮಾಡುವುದು ಕಷ್ಟವೇನಲ್ಲ: ಸೇರಿದ ವರ್ಷ, ವಾರಕ್ಕೆ ಓಡಿದ ದೂರ, ಗಾಯ, ಬಿಟ್ಟ ವರ್ಷ. ಹತ್ತು ವರ್ಷ ಬರೆದಿಟ್ಟರೆ ಯಾವ ಮೈದಾನದಿಂದ ಹಿರಿಯರ ಮಟ್ಟಕ್ಕೆ ಎಷ್ಟು ಮಂದಿ ತಲುಪಿದರು ಎನ್ನುವುದು ಪದಕಪಟ್ಟಿಯ ಪಕ್ಕದಲ್ಲೇ ಕಾಣಿಸುತ್ತದೆ, ಅನುದಾನ ಹಂಚುವವರಿಗೆ ನೋಡಲು ಎರಡು ಪಟ್ಟಿ ಇರುತ್ತವೆ.